ಸೂಜಿ ಬಿಡಿ, ಚೀಲ ಓದಿ

ಕಳೆದ ಭಾನುವಾರ ಮಧ್ಯಾಹ್ನ ಕದ್ರಿ ಹತ್ತಿರದ ಒಂದು ಹೋಟೆಲಿನಲ್ಲಿ ಆಫೀಸಿನ ಐದು ಜನ ಕೂತು ಕೋರಿ ರೊಟ್ಟಿ ತಿನ್ನುತ್ತಿದ್ದೆವು. ರೊಟ್ಟಿಯ ಮೇಲೆ ಎರಡನೇ ಸೌಟು ಗಸಿ ಬಿದ್ದದ್ದೇ ತಡ, ನಮ್ಮ ಟೀಮ್ ಲೀಡ್ ಶುರು ಹಚ್ಚಿಕೊಂಡರು. "ಈ ಬ್ರಾಯ್ಲರ್‌ಗೆಲ್ಲ ಹಾರ್ಮೋನ್ ಇಂಜೆಕ್ಷನ್ ಕೊಡ್ತಾರೆ, ಗೊತ್ತುಂಟಾ? ಇಲ್ಲದಿದ್ರೆ ನಲವತ್ತು ದಿನದಲ್ಲಿ ಎರಡು ಕೆಜಿ ಆಗೋದು ಹೇಗೆ?" ಉಳಿದ ಮೂವರು ಹೌದೌದು ಅಂತ ತಲೆಯಾಡಿಸಿದರು. ತಲೆಯಾಡಿಸುತ್ತಲೇ ಇನ್ನೊಂದು ಪ್ಲೇಟ್ ರೊಟ್ಟಿ ತರಿಸಿದರು.

ನಾನು ಸುಮ್ಮನಿದ್ದೆ. ಊಟದ ಮಧ್ಯೆ ಭಾಷಣ ಮಾಡುವ ಮನುಷ್ಯರನ್ನು ಯಾರೂ ಇಷ್ಟಪಡುವುದಿಲ್ಲ. ಆದ್ದರಿಂದ ಆ ಭಾಷಣವನ್ನು ಇಲ್ಲಿ ಮಾಡುತ್ತಿದ್ದೇನೆ.

ಹಾರ್ಮೋನ್ ಇಲ್ಲ ಮಾರಾಯ್ರೆ. ಬೆಳವಣಿಗೆಯ ಹಾರ್ಮೋನ್ ಅನ್ನುವುದು ಒಂದು ಪ್ರೋಟೀನ್. ಫೀಡಿನಲ್ಲಿ ಬೆರೆಸಿದರೆ ಕೋಳಿಯ ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನ ಹಾಗೆ ಜೀರ್ಣವಾಗಿ ಹೋಗುತ್ತದೆ. ಸೂಜಿಯಲ್ಲಿ ಕೊಡಬೇಕಾದರೆ ಒಂದೊಂದೇ ಕೋಳಿಯನ್ನು ಹಿಡಿದು ಮತ್ತೆ ಮತ್ತೆ ಚುಚ್ಚಬೇಕು. ಐದು ಸಾವಿರ ಕೋಳಿಗಳ ಶೆಡ್ಡಿನಲ್ಲಿ ಆ ಕೆಲಸಕ್ಕೆ ಜನ ಇಟ್ಟರೆ ಕೋಳಿಯ ರೇಟಿಗಿಂತ ಸಂಬಳದ ಖರ್ಚೇ ಜಾಸ್ತಿಯಾದೀತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಮತ್ತು 1978ರ ತಳಿಗಳನ್ನು ಹಾಗೇ ಉಳಿಸಿಕೊಂಡು ಬಂದಿದ್ದರು. ಅವುಗಳ ಮರಿಗಳನ್ನು 2005ರ ಬ್ರಾಯ್ಲರ್ ಮರಿಗಳ ಜೊತೆ ಬೆಳೆಸಿ ನೋಡಿದರು. ಮೂರಕ್ಕೂ ಒಂದೇ ಆಹಾರ. 56ನೇ ದಿನಕ್ಕೆ 1957ರ ಕೋಳಿ 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. 2014ರಲ್ಲಿ ಪ್ರಕಟವಾದ ಲೆಕ್ಕ ಇದು. ಅಂದರೆ ಈ ದಢೂತಿತನ ತಳಿಯಲ್ಲೇ ಉಂಟು. ತಲೆಮಾರಿನಿಂದ ತಲೆಮಾರಿಗೆ ಬೇಗ ಬೆಳೆಯುವ, ಸಿಕ್ಕಾಪಟ್ಟೆ ತಿನ್ನುವ ಕೋಳಿಯನ್ನೇ ಆರಿಸಿ ಆರಿಸಿ ಮಾಡಿದ್ದು.

ಹಾಗಾದರೆ ಎಲ್ಲ ಸರಿ ಇದೆಯಾ? ಇಲ್ಲ. ಸರಿ ಇಲ್ಲದ್ದು ಬೇರೆ ಕಡೆ ಇದೆ, ಮತ್ತು ಅದರ ಬಗ್ಗೆ ಯಾರೂ ವಾಟ್ಸಾಪ್ ಫಾರ್ವರ್ಡ್ ಮಾಡುವುದಿಲ್ಲ. ಅದೇ ನನ್ನ ಸಿಟ್ಟು.

ನಾವು ತಿನ್ನುವ ಬ್ರಾಯ್ಲರ್‌ಗೂ ಒಬ್ಬಳು ತಾಯಿ ಇರುತ್ತಾಳೆ. ಬ್ರೀಡರ್ ಹೇಂಟೆ. ಇವಳು ಹೋಟೆಲಿಗೆ ಬರುವುದಿಲ್ಲ, ಇವಳ ಮೊಟ್ಟೆ ಅಂಗಡಿಗೆ ಬರುವುದಿಲ್ಲ. ಮೊಟ್ಟೆ ನೇರ ಹ್ಯಾಚರಿಗೆ, ಅಲ್ಲಿಂದ 21 ದಿನಕ್ಕೆ ಮರಿ, ಮರಿ ಶೆಡ್ಡಿಗೆ. ಮಗಳ ರಕ್ತದಲ್ಲಿರುವ ಹಸಿವು ತಾಯಿಯ ರಕ್ತದಲ್ಲೂ ಇದೆ. ಅವಳಿಗೆ ಬೇಕಾದಷ್ಟು ತಿನ್ನಲು ಬಿಟ್ಟರೆ ಏನಾಗುತ್ತದೆ? ಅಂಡಾಶಯದಲ್ಲಿ ಒಂದರ ಬದಲು ಎರಡು-ಮೂರು ಭಂಡಾರ ಒಟ್ಟಿಗೆ ಹಣ್ಣಾಗುತ್ತವೆ. ಎರಡು ಭಂಡಾರದ ಮೊಟ್ಟೆ, ಸಿಪ್ಪೆ ಇಲ್ಲದ ಮೊಟ್ಟೆ, ನಾಳದ ಬದಲು ಹೊಟ್ಟೆಯೊಳಗೇ ಬಿದ್ದು ಕೊಳೆಯುವ ಭಂಡಾರ. ಮರಿ ಮಾಡಲು ಲಾಯಕ್ಕಾದ ಮೊಟ್ಟೆ ಕಡಿಮೆ. ಹುಂಜವೂ ಹಾಗೆಯೇ, ಮೈ ಭಾರವಾದರೆ ಹೇಂಟೆಯ ಮೇಲೆ ಹತ್ತಲಾರದು.

ಅದಕ್ಕೆ ಉದ್ಯಮ ಕಂಡುಕೊಂಡ ಪರಿಹಾರ, ಹಸಿವು. ಬೆಳೆಯುವ ವಯಸ್ಸಿನಲ್ಲಿ ಬ್ರೀಡರ್ ಮರಿಗೆ ಸಿಗುವುದು ಅದು ತಾನಾಗಿ ತಿನ್ನುತ್ತಿದ್ದದ್ದರ ಕಾಲು ಭಾಗದಿಂದ ಅರ್ಧ. ಕೆಲವು ಕಡೆ ದಿನ ಬಿಟ್ಟು ದಿನ ಆಹಾರ. ಇಟ್ಟದ್ದು ಕೆಲವೇ ನಿಮಿಷದಲ್ಲಿ ಖಾಲಿ, ಆಮೇಲೆ ಖಾಲಿ ತಟ್ಟೆಯನ್ನೇ ಕುಕ್ಕುವುದು, ಹೊಟ್ಟೆ ತುಂಬಿಸಿಕೊಳ್ಳಲು ನೀರು ಕುಡಿಯುವುದು. ಮಗಳು ಹೊಟ್ಟೆ ಬಿರಿಯ ತಿಂದು ಆರು ವಾರದಲ್ಲಿ ತಟ್ಟೆಗೆ ಬರಬೇಕಾದರೆ ತಾಯಿ ಅರ್ಧ ಹೊಟ್ಟೆಯಲ್ಲಿ ಬದುಕಬೇಕು. ಪಶು ವಿಜ್ಞಾನಿಗಳು ಹತ್ತಾರು ವರ್ಷಗಳಿಂದ ಈ ಇಕ್ಕಟ್ಟಿನ ಬಗ್ಗೆ ಬರೆಯುತ್ತಲೇ ಇದ್ದಾರೆ. ಬಿಟ್ಟರೆ ಬೊಜ್ಜು, ಹಿಡಿದರೆ ಹಸಿವು. ನಾವು ಮಾತ್ರ ಇಲ್ಲದ ಸೂಜಿಯ ಬಗ್ಗೆ ಮಾತಾಡುತ್ತಾ ಕೂತಿದ್ದೇವೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತಾಯಿತು ಅಂದರೆ, ಓದಿ ಅಲ್ಲ. 42 ಸತ್ತ ಮೊಟ್ಟೆ ಒಡೆದು.

2020ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ವಾಮಂಜೂರಿನ ಮನೆಗೆ ಬಂದವರಲ್ಲಿ ನಾನೂ ಒಬ್ಬ. ಆ ವರ್ಷ ಕೆಲವರು ಹುಳಿ ಬ್ರೆಡ್ ಮಾಡಿದರು, ಕೆಲವರು ಗಿಟಾರ್ ಕಲಿತರು, ನಾನು ಕೋಳಿ ತಂದೆ. ಎರಡು ತಿಂಗಳ 20 ಗಿರಿರಾಜ ಹೇಂಟೆ, ಎರಡು ಹುಂಜ. ಗಿರಿರಾಜ ಅಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮದೇ ವಿಜ್ಞಾನಿಗಳು ಹಿತ್ತಲ ಸಾಕಣೆಗೆಂದು ಬೆಳೆಸಿದ ತಳಿ. ಮಿಶ್ರತಳಿಯಾದ್ದರಿಂದ ಅದರ ಮರಿಗಳೆಲ್ಲ ತಾಯಿಯಷ್ಟೇ ಚೆನ್ನಾಗಿ ಬರುತ್ತವೆ ಅನ್ನುವ ಹಾಗಿಲ್ಲ. ಆದರೆ ಊರಲ್ಲಿ ಎಲ್ಲರೂ ಮರಿ ಮಾಡಿಸುತ್ತಾರೆ, ನಾನೂ ಹೊರಟೆ. ಆನ್‌ಲೈನಿನಲ್ಲಿ 60 ಮೊಟ್ಟೆಯ ಇನ್‌ಕ್ಯುಬೇಟರ್ ಬಂತು. ಎಕ್ಸೆಲ್ ಶೀಟ್ ರೆಡಿಯಾಯಿತು.

ಡಿಸೆಂಬರಿನಲ್ಲಿ ಮೊದಲ ಸಲ 50 ಮೊಟ್ಟೆ ಇಟ್ಟೆ, 37 ಮರಿ. ಆಗ ಕೋಳಿಗೆ ಊಟ ಹಾಕುತ್ತಿದ್ದದ್ದು ಅಮ್ಮ. ಅಂಗಡಿಯ ಲೇಯರ್ ಫೀಡ್ ಅರ್ಧ, ತೌಡು, ಮೀನು ಕೊಯ್ದ ಮೇಲಿನ ತಲೆ-ಕರುಳು, ಕುಟ್ಟಿ ಹಾಕಿದ ಮರುವಾಯಿ ಚಿಪ್ಪು, ಸಂಜೆ ಎರಡು ತಾಸು ತೋಟಕ್ಕೆ ಬಿಡುವುದು. ನನಗೆ ಅದು ಅಂದಾಜಿನ ಕೆಲಸವಾಗಿ ಕಂಡಿತು. ಯಾವುದಕ್ಕೂ ಅಳತೆಯಿಲ್ಲ. ಜನವರಿಯಲ್ಲಿ ಜವಾಬ್ದಾರಿ ನಾನೇ ವಹಿಸಿಕೊಂಡೆ. ಫೀಡಿನ ಅಂಗಡಿಗೆ ಹೋಗಿ, ಇದ್ದದ್ದರಲ್ಲಿ ಯಾವುದರಲ್ಲಿ ಪ್ರೋಟೀನ್ ಜಾಸ್ತಿ ಅಂತ ಕೇಳಿ, ಬ್ರಾಯ್ಲರ್ ಸ್ಟಾರ್ಟರ್ ಚೀಲ ಹೊತ್ತು ತಂದೆ. 22 ಪರ್ಸೆಂಟ್. ಜಿಮ್ಮಿನಲ್ಲಿ ಕಲಿತ ಪಾಠ, ಪ್ರೋಟೀನ್ ಅಂದಮೇಲೆ ಜಾಸ್ತಿಯಾದಷ್ಟೂ ಒಳ್ಳೆಯದು. ತೋಟಕ್ಕೆ ಬಿಡುವುದನ್ನೂ ನಿಲ್ಲಿಸಿದೆ, ಲೆಕ್ಕ ತಪ್ಪುತ್ತದೆ ಅಂತ.

ಈ ಮಧ್ಯೆ ಹತ್ತಿರದ ಒಂದು ಸ್ವಸಹಾಯ ಸಂಘದ ಐದು ಮನೆಯವರು ಮರಿ ಬೇಕೆಂದು ಮುಂಗಡ ಕೊಟ್ಟಿದ್ದರು. ಫೆಬ್ರವರಿಯಲ್ಲಿ 48 ಮೊಟ್ಟೆ ಇಟ್ಟೆ. ಉಳಿದ ಜಾಗದಲ್ಲಿ ಪಕ್ಕದ ಮನೆ ಆಂಟಿಯ ಊರ ಕೋಳಿಯ 12 ಮೊಟ್ಟೆ. 21ನೇ ದಿನ ಆಂಟಿಯ 12ರಲ್ಲಿ 10 ಮರಿ ಹೊರಬಂತು. ನನ್ನ 48ರಲ್ಲಿ ಆರು.

ಕರೆಂಟಿನ ಮೇಲೆ ಹಾಕುವ ಹಾಗಿಲ್ಲ, ಒಂದೇ ಪೆಟ್ಟಿಗೆ. ಮನೆಯಲ್ಲಿ ತೀರ್ಪು ಹುಂಜಗಳ ವಿರುದ್ಧ ಬಂತು. "ಅವುಗಳಿಗೆ ಎಂತ ಪ್ರಯೋಜನ ಇಲ್ಲ" ಅಂದರು ಅಪ್ಪ. ಆ ಭಾನುವಾರವೇ ಒಂದು ಹುಂಜ ಸುಕ್ಕ ಆಯಿತು. ಅದು ನಿರಪರಾಧಿ ಅಂತ ಗೊತ್ತಾದದ್ದು ಮಂಗಳವಾರ, ಪಶು ಆಸ್ಪತ್ರೆಗೆ ಹೋದ ಮೇಲೆ.

ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, "ಆಗದ ಮೊಟ್ಟೆ ಒಡೆದು ನೋಡಿದ್ರಾ?" ಇಲ್ಲ ಅಂದೆ. "ಹೋಗಿ ನೋಡಿ ಬನ್ನಿ. ಹುಂಜ ಸೇರದ ಮೊಟ್ಟೆ ಬೇರೆ, ಮರಿ ಶುರುವಾಗಿ ಒಳಗೇ ಸತ್ತ ಮೊಟ್ಟೆ ಬೇರೆ. ಎರಡಕ್ಕೂ ಔಷಧ ಒಂದೇ ಅಲ್ಲ."

ಹಿತ್ತಲಲ್ಲಿ ಮೂಗು ಕಟ್ಟಿಕೊಂಡು 42 ಮೊಟ್ಟೆ ಒಡೆದೆ. ಬರೀ ಐದು ಖಾಲಿ. ಉಳಿದದ್ದರಲ್ಲಿ ಹೆಚ್ಚಿನವುಗಳಲ್ಲಿ ಭಂಡಾರದ ಮೇಲೆ ರಕ್ತದ ಕೆಂಪು ಉಂಗುರ, ಅಂದರೆ ಮೊದಲ ಕೆಲವು ದಿನದಲ್ಲೇ ಸತ್ತದ್ದು. ಕೆಲವದರಲ್ಲಿ ಕಣ್ಣು ಮೂಡಿತ್ತು. ಒಂದರಲ್ಲಿ ಕೊಕ್ಕು. ಹುಂಜಗಳು ತಮ್ಮ ಕೆಲಸ ಮಾಡಿದ್ದವು.

ಮತ್ತೆ ಹೋದೆ. "ಯಾವ ಫೀಡ್ ಹಾಕ್ತೀರಿ?" ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ, ಬ್ರಾಯ್ಲರ್ ಸ್ಟಾರ್ಟರ್, 22 ಪರ್ಸೆಂಟ್ ಪ್ರೋಟೀನ್. ಡಾಕ್ಟ್ರು ನಕ್ಕುಬಿಟ್ಟರು. "ನಿಮ್ಮ ಕೋಳಿಗಳು ಜಿಮ್ಮಿಗೆ ಹೋಗ್ತಾವಾ?" ಆಮೇಲೆ ಅವರು ಕೇಳಿದ್ದು ವಿಚಿತ್ರ ಪ್ರಶ್ನೆ. "ಮೊಟ್ಟೆಯ ಬಣ್ಣ ಏನಾದ್ರೂ ಬದಲಾಗಿದೆಯಾ?"

ಫೋನಿನಲ್ಲಿ ಫೋಟೋ ಇತ್ತು. ಡಿಸೆಂಬರಿನ ಬುಟ್ಟಿಯಲ್ಲಿ ತಿಳಿಗಂದು ಮೊಟ್ಟೆಗಳು. ಫೆಬ್ರವರಿಯ ಬುಟ್ಟಿಯಲ್ಲಿ ಸುಮಾರಾಗಿ ಬಿಳಿ. ಅದೇ ಹೇಂಟೆಗಳು, ಅದೇ ಬುಟ್ಟಿ. ದಿನಾ ನೋಡುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.

ಬ್ರಾಯ್ಲರ್ ಮರಿಗಳಿಗೆ ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗ ಬರುತ್ತದೆ. ಅದನ್ನು ತಡೆಯಲು ಸ್ಟಾರ್ಟರ್ ಫೀಡಿನಲ್ಲೇ ಔಷಧ ಬೆರೆಸುವುದು ವಾಡಿಕೆ. ಅಂಥ ಔಷಧಗಳಲ್ಲೊಂದು ನಿಕಾರ್ಬಜಿನ್. ಬ್ರಾಯ್ಲರ್ ಮರಿಗೆ ಅದರಿಂದ ಉಪಕಾರವೇ. ಆದರೆ ಮೊಟ್ಟೆ ಇಡುವ ಹೇಂಟೆ ತಿಂದರೆ ಕಂದು ಸಿಪ್ಪೆಯ ಬಣ್ಣ ಹೋಗುತ್ತದೆ, ಮೊಟ್ಟೆಯೊಳಗಿನ ಭ್ರೂಣ ಸಾಯುತ್ತದೆ. ನಿಲ್ಲಿಸಿದರೆ ಎರಡೂ ಸರಿಯಾಗುತ್ತವೆ. "ಅದೇ ಇರಬಹುದು, ಚೀಲದಲ್ಲಿ ಬರೆದಿದ್ದಾರಾ ನೋಡಿ" ಅಂದರು.

ಚೀಲದಲ್ಲಿ ಎಂತ ಬರೆದಿತ್ತು ಗೊತ್ತುಂಟಾ? ಒಂದು ದೊಡ್ಡ ಹುಂಜದ ಚಿತ್ರ. ಕಂಪನಿಯ ಹೆಸರು. 50 ಕೆಜಿ. ಪ್ರೋಟೀನ್ ಇಷ್ಟು, ನಾರು ಇಷ್ಟು, ಕೊಬ್ಬು ಇಷ್ಟು. ಮುಗಿಯಿತು. ಔಷಧದ ಹೆಸರಿಲ್ಲ. "ಮೊಟ್ಟೆ ಇಡುವ ಕೋಳಿಗೆ ಕೊಡಬೇಡಿ" ಅನ್ನುವ ಒಂದು ಸಾಲಿಲ್ಲ. ಚೀಲದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಯಾವ ಡೀಲರ್ ಕಡೆಯಿಂದ ತಗೊಂಡಿದ್ದು ಅಂತ ಕೇಳಿದರು. ಒಳಗೆ ಏನಿದೆ ಅಂತ ನಾನು ಕೇಳಿದ್ದಕ್ಕೆ, ಫಾರ್ಮುಲಾ ಹೊರಗೆ ಹೇಳುವುದಿಲ್ಲ ಸರ್ ಅಂದರು.

ನಾನು ಲ್ಯಾಬ್ ಪರೀಕ್ಷೆ ಮಾಡಿಸಲಿಲ್ಲ. ಚೀಲ ಪಕ್ಕಕ್ಕಿಟ್ಟು ಅಮ್ಮನ ಪದ್ಧತಿಗೆ ವಾಪಸ್ ಹೋದೆ. ಹತ್ತು ದಿನದಲ್ಲಿ ಮೊಟ್ಟೆ ಮತ್ತೆ ಕಂದು ಬಣ್ಣಕ್ಕೆ ತಿರುಗಿತು. ಏಪ್ರಿಲಿನಲ್ಲಿ, ಉಳಿದ ಒಂದೇ ಹುಂಜದ ಜೊತೆ, 40 ಮೊಟ್ಟೆಗೆ 28 ಮರಿ. ನನಗೆ ಅಷ್ಟು ಪುರಾವೆ ಸಾಕು.

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಮರಿಯ ಆಹಾರವನ್ನು ತಾಯಿಗೆ ಹಾಕಿದ್ದು ನಾನು. ಔಷಧ ಒಂದೇ ಅಲ್ಲ, ಬೇರೆ ತಪ್ಪೂ ಇತ್ತು. ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಅದಕ್ಕೇ ಮೊಟ್ಟೆ ಇಡುವ ಕೋಳಿಯ ಆಹಾರದಲ್ಲಿ ಮೂರೂವರೆ-ನಾಲ್ಕು ಪರ್ಸೆಂಟ್ ಕ್ಯಾಲ್ಸಿಯಂ ಇರಬೇಕು. ಬ್ರಾಯ್ಲರ್ ಸ್ಟಾರ್ಟರಿನಲ್ಲಿ ಇರುವುದು ಸುಮಾರು ಒಂದು. ಸಿಪ್ಪೆ ಕಟ್ಟುವ ಕೆಲಸ ಹೆಚ್ಚಿನಂಶ ನಡೆಯುವುದು ರಾತ್ರಿ, ಕೋಳಿ ಏನೂ ತಿನ್ನದ ಹೊತ್ತು. ಸಂಜೆ ತಿಂದ ದಪ್ಪ ಚಿಪ್ಪಿನ ಚೂರು ಗುಳಿಗೆಯ ಹಾಗೆ ನಿಧಾನಕ್ಕೆ ಕರಗುತ್ತಾ ರಾತ್ರಿಯಿಡೀ ಕ್ಯಾಲ್ಸಿಯಂ ಒದಗಿಸುತ್ತದೆ. ಅಮ್ಮ ಸಂಜೆ ಹೊತ್ತು ಮರುವಾಯಿ ಚಿಪ್ಪು ಕುಟ್ಟಿ ಹಾಕುತ್ತಿದ್ದದ್ದನ್ನು ನಾನು ನಿಲ್ಲಿಸಿದ್ದೆ, ಎಕ್ಸೆಲ್ ಶೀಟಿನಲ್ಲಿ ಅದಕ್ಕೆ ಕಾಲಂ ಇಲ್ಲ ಅಂತ.

ಎಲ್ಲಕ್ಕಿಂತ ಮುಖ್ಯವಾಗಿ ನನಗೆ ಆ ದಿನ ತಿಳಿದ ವಿಷಯ ಇದು. ಮೊಟ್ಟೆ ಅಂದರೆ ತಾಯಿ ಕಟ್ಟಿಕೊಟ್ಟ 21 ದಿನದ ಬುತ್ತಿ. ಒಮ್ಮೆ ಸಿಪ್ಪೆ ಮುಚ್ಚಿತೆಂದರೆ ಹೊರಗಿನಿಂದ ಒಳಗೆ ಹೋಗುವುದು ಗಾಳಿ ಮಾತ್ರ. ಕಣ್ಣು, ಎಲುಬು, ಕೊಕ್ಕು, ಪುಕ್ಕ ಎಲ್ಲ ಆ ಬುತ್ತಿಯಿಂದಲೇ ಆಗಬೇಕು. ರೈಬೋಫ್ಲಾವಿನ್ ಅನ್ನುವ ಬಿ2 ವಿಟಮಿನ್ ಸಾಲದಿದ್ದರೆ ಭ್ರೂಣ ಅರ್ಧ ದಾರಿಯಲ್ಲಿ ಸಾಯುತ್ತದೆ, ಪುಕ್ಕ ಬಿಚ್ಚಿಕೊಳ್ಳದೆ ಗಂಟು ಗಂಟಾಗಿ ಉಳಿಯುತ್ತದೆ. ಮ್ಯಾಂಗನೀಸ್ ಸಾಲದಿದ್ದರೆ ಕಾಲು ಗಿಡ್ಡ, ಕೊಕ್ಕು ಗಿಳಿಯ ಹಾಗೆ ಬಾಗುತ್ತದೆ. ಇ ವಿಟಮಿನ್ ಮತ್ತು ಸೆಲೆನಿಯಂ ಸಾಲದಿದ್ದರೆ ಭ್ರೂಣಕ್ಕೂ ಪೆಟ್ಟು, ಹುಂಜದ ವೀರ್ಯಕ್ಕೂ ಪೆಟ್ಟು. ಸತು, ಬಯೋಟಿನ್, ಬಿ12, ಪಟ್ಟಿ ಉದ್ದ ಇದೆ.

ಮೋಸ ಎಲ್ಲಿ ಅಂದರೆ, ಇದ್ಯಾವುದು ಕಡಿಮೆಯಾದರೂ ಹೇಂಟೆ ಮೊಟ್ಟೆ ಇಡುತ್ತಲೇ ಹೋಗಬಹುದು. ಬುಟ್ಟಿ ತುಂಬುತ್ತದೆ. ಲೆಕ್ಕ ಸರಿ ಇರುತ್ತದೆ. ಆಮ್ಲೆಟ್ಟಿಗೆ ಸಾಕಾಗುವ ಮೊಟ್ಟೆ ಮರಿಗೆ ಸಾಕಾಗುವುದಿಲ್ಲ. ಅದಕ್ಕೇ ಮಾರುವ ಮೊಟ್ಟೆಯ ಕೋಳಿಗೆ ಲೇಯರ್ ಫೀಡ್, ಮರಿ ಮೊಟ್ಟೆಯ ಕೋಳಿಗೆ ಬ್ರೀಡರ್ ಫೀಡ್ ಅಂತ ಬೇರೆ ಬೇರೆ. ದೊಡ್ಡ ಬ್ರೀಡರ್ ಫಾರಂಗಳಲ್ಲಿ ಹುಂಜಕ್ಕೂ ಬೇರೆಯೇ ಊಟ. ಹುಂಜಕ್ಕೆ ಒಂದು ಪರ್ಸೆಂಟ್ ಕ್ಯಾಲ್ಸಿಯಂ ಕೂಡ ಬೇಡ, ಕಡಿಮೆ ಪ್ರೋಟೀನ್ ಸಾಕು. ಹೇಂಟೆಯ ತಟ್ಟೆಗೆ ಸಪೂರ ಕಂಬಿ ಹಾಕಿರುತ್ತಾರೆ, ಹುಂಜದ ದೊಡ್ಡ ತಲೆ ಒಳಗೆ ಹೋಗದ ಹಾಗೆ. ಹುಂಜದ ತಟ್ಟೆ ಎತ್ತರದಲ್ಲಿ ತೂಗುತ್ತದೆ, ಹೇಂಟೆಗೆ ಎಟುಕದ ಹಾಗೆ. ಕಂಪನಿಗಳಿಗೆ ಇದೆಲ್ಲ ಗ್ರಾಂ ಲೆಕ್ಕದಲ್ಲಿ ಗೊತ್ತು. ಅಂದರೆ ಜ್ಞಾನ ಇಲ್ಲ ಅಂತಲ್ಲ. ಅದು 20 ಕೋಳಿ ಸಾಕುವವರ ಮನೆಯ ತನಕ ಬಂದಿಲ್ಲ.

ಇಲ್ಲಿಗೆ ಕೆಲವರು "ನೋಡಿ, ಅದಕ್ಕೇ ನಾವು ನಾಟಿ ಮೊಟ್ಟೆಯೇ ತಿನ್ನೋದು" ಅಂತ ಎದೆ ಉಬ್ಬಿಸಲು ಹೊರಟಿರುತ್ತೀರಿ. ನಿಲ್ಲಿ. ಸಿಪ್ಪೆಯ ಕಂದು ಬಣ್ಣ ತಳಿಯದ್ದು, ಶೆಡ್ಡಿನಲ್ಲಿ ಸಾಕುವ ಕಂದು ಮೊಟ್ಟೆಯ ಲೇಯರ್ ತಳಿಗಳೂ ಇವೆ. ಭಂಡಾರದ ಕಿತ್ತಳೆ ಬಣ್ಣ ಆಹಾರದ್ದು, ಫೀಡಿಗೆ ಚೆಂಡುಹೂವಿನ ಸಾರ ಬೆರೆಸಿದರೂ ಬರುತ್ತದೆ. ಬಿಜೈಯ ಸೂಪರ್ ಮಾರ್ಕೆಟಿನಲ್ಲಿ ಡಬಲ್ ರೇಟು ಕೊಟ್ಟು ನೀವು ಕೊಂಡದ್ದು ಕೆಲವೊಮ್ಮೆ ಬಣ್ಣ ಮಾತ್ರ.

ಆಂಟಿಯ ಊರ ಕೋಳಿಯ ಮೊಟ್ಟೆ ಚೆನ್ನಾಗಿ ಮರಿಯಾದದ್ದು ನಿಜ. ಅವು ದಿನವಿಡೀ ಒರಲೆ, ಎರೆಹುಳ, ಸೊಪ್ಪು, ಚಿಪ್ಪು ಕೆದಕಿ ತಿನ್ನುತ್ತವೆ. ಆದರೆ ಅವು ಇಡುವುದು ವರ್ಷಕ್ಕೆ ಐವತ್ತು-ಅರವತ್ತು ಮೊಟ್ಟೆ. ಇಂದಿನ ಲೇಯರ್ ಮುನ್ನೂರು ದಾಟುತ್ತದೆ. ವರ್ಷಕ್ಕೆ ಅರವತ್ತು ಬುತ್ತಿ ಕಟ್ಟುವವಳಿಗೆ ಹಿತ್ತಲು ಸಾಕು. ಅಜ್ಜಿಯ ಕಾಲದ ಹಿತ್ತಲಿನಿಂದ ಇವತ್ತಿನ ಮಂಗಳೂರಿನ ಹೊಟ್ಟೆ ತುಂಬುವುದಿಲ್ಲ. ಶಾಲೆ ಮಕ್ಕಳಿಗೆ ಮೊಟ್ಟೆ ಕೊಡುವ ಸರಕಾರದ ಕಾರ್ಯಕ್ರಮ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ಆಯಿತು. ಅಷ್ಟು ಮೊಟ್ಟೆ ಬೇಕಿರುವ ರಾಜ್ಯ ನಮ್ಮದು. ಆದ್ದರಿಂದ ಫೀಡ್ ಬೇಕೇ ಬೇಕು. ಜಗಳ ಇರುವುದು ಆ ಫೀಡ್ ಯಾವುದು, ಯಾರಿಗೆ, ಒಳಗೆ ಏನಿದೆ ಅನ್ನುವುದರ ಮೇಲೆ.

ನಮ್ಮೂರಿನ ಇನ್ನೊಂದು ಕೆಟ್ಟ ಅಭ್ಯಾಸವನ್ನೂ ಹೇಳಿಬಿಡುತ್ತೇನೆ. ಬೂಸ್ಟು ಹಿಡಿದ ಅಕ್ಕಿಯಾ? ಕೋಳಿಗೆ ಹಾಕಿ. ಮುಗ್ಗಿದ ಜೋಳವಾ? ಕೋಳಿಗೆ ಹಾಕಿ. ನಮ್ಮ ಪಾಲಿಗೆ ಕೋಳಿ ಅಂದರೆ ಎರಡು ಕಾಲಿನ ಕಸದ ಬುಟ್ಟಿ. ಜೂನಿನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಇನ್ನು ಮೆಕ್ಕೆಜೋಳ, ನೆಲಗಡಲೆ ಹಿಂಡಿಗೆ ಬಾರದೆ ಇರುತ್ತದಾ? ಆ ಬೂಸ್ಟಿನಲ್ಲಿ ಆಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಕೋಳಿಯ ಪಿತ್ತಜನಕಾಂಗಕ್ಕೆ ಹೊಡೆತ, ಮೊಟ್ಟೆ ಇಳಿಕೆ, ಮರಿಯೂ ಇಳಿಕೆ. ಹತ್ತಿಬೀಜದ ಹಿಂಡಿ ದನಕ್ಕೆ ಒಳ್ಳೆಯದು ಅಂತ ಕೋಳಿಗೂ ಹೆಚ್ಚು ಹಾಕಿದರೆ ಅದರಲ್ಲಿರುವ ಗಾಸಿಪಾಲ್ ಭಂಡಾರವನ್ನು ಕಂದುಹಸಿರು ಮಾಡುತ್ತದೆ, ಮರಿಯಾಗುವುದನ್ನೂ ಕೆಡಿಸುತ್ತದೆ. ನೀವು ತಿನ್ನಲಾಗದ್ದನ್ನು ನಿಮ್ಮ ಮೊಟ್ಟೆಯ ಒಳಗೆ ಹಾಕುವವಳಿಗೆ ತಿನ್ನಿಸಬೇಡಿ.

ಇನ್ನು ದುಡ್ಡಿನ ಮಾತು. ಕೋಳಿ ಸಾಕಣೆಯ ಖರ್ಚಿನಲ್ಲಿ 60-70 ಪರ್ಸೆಂಟ್ ಫೀಡಿನದ್ದೇ. ಫೀಡಿನಲ್ಲಿ ಹೆಚ್ಚಿನ ಪಾಲು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ದಾವಣಗೆರೆ, ಹಾವೇರಿಯ ಜೋಳ ಎಥನಾಲ್ ಕಾರ್ಖಾನೆಗೂ ಹೋಗತೊಡಗಿದ ಮೇಲೆ ಕೋಳಿಗೂ ಕಾರಿಗೂ ಪೈಪೋಟಿ. ಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಆಮದು ಮಾಡಿಕೊಂಡಿತು. 2021ರಲ್ಲಿ ಸೋಯಾ ಬೆಲೆ ಏರಿದಾಗ ಕೇಂದ್ರ ಸರಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಒಪ್ಪಿತು. ಮೂರನೆಯದು ನಮ್ಮ ಕಣ್ಣೆದುರಿನದ್ದೇ. ಉಳ್ಳಾಲದ ಕಡೆ ಗಾಳಿ ಬೀಸಿದಾಗ ಮೂಗಿಗೆ ಹೊಡೆಯುವ ವಾಸನೆ ಗೊತ್ತಲ್ಲ, ಅದು ಮೀನಿನ ಹುಡಿ ಮತ್ತು ಎಣ್ಣೆಯ ಕಾರ್ಖಾನೆಗಳದ್ದು. ಬೂತಾಯಿ, ಸಣ್ಣ ಪುಟ್ಟ ಮೀನು ಅಲ್ಲಿ ಹುಡಿಯಾಗಿ ಮುಖ್ಯವಾಗಿ ಸಿಗಡಿ ಮತ್ತು ಮೀನು ಸಾಕಣೆಗೆ, ಸ್ವಲ್ಪ ಕೋಳಿ ಫೀಡಿಗೂ ಹೋಗುತ್ತದೆ. ಬೂತಾಯಿ ರೇಟು ಏರಿತು ಅಂತ ಗೊಣಗುತ್ತಾ ಚಿಕನ್ ಕೊಳ್ಳುವಾಗ ಇಷ್ಟು ನೆನಪಿರಲಿ.

ಬೆಲೆ ಏರಿದಾಗ ಕತ್ತರಿ ಎಲ್ಲಿಗೆ ಬೀಳುವ ಆಸೆಯಾಗುತ್ತದೆ ಹೇಳಿ? ಜೋಳ ಕಡಿಮೆ ಮಾಡಿದರೆ ಕೋಳಿಯ ತೂಕ ಅದೇ ವಾರ ಹೇಳಿಬಿಡುತ್ತದೆ. ವಿಟಮಿನ್ ಕಡಿಮೆ ಮಾಡಿದರೆ ಯಾರಿಗೂ ಕೂಡಲೇ ಗೊತ್ತಾಗುವುದಿಲ್ಲ. ಬುಟ್ಟಿ ತುಂಬುತ್ತಲೇ ಇರುತ್ತದೆ. ವಾರಗಳ ಮೇಲೆ ಎಲ್ಲೋ ಒಂದು ಇನ್‌ಕ್ಯುಬೇಟರಿನಲ್ಲಿ ಮರಿ ಸಾಯುತ್ತದೆ, ಆಗ ಬೈಸಿಕೊಳ್ಳುವುದು ಹುಂಜ, ಇಲ್ಲದಿದ್ದರೆ ಕರೆಂಟು.

"ಇಪ್ಪತ್ತು ಕೋಳಿಗೆ ಇಷ್ಟೆಲ್ಲ ಗಲಾಟೆ ಯಾಕೆ?" ಅಂತ ಗೆಳೆಯನೊಬ್ಬ ಕೇಳಿದ. ಯಾಕೆಂದರೆ ನನಗೆ ಸಂಬಳ ಇತ್ತು. ಮುಂಗಡ ವಾಪಸ್ ಕೊಟ್ಟೆ, ಸಾರಿ ಹೇಳಿದೆ, ಸೋಮವಾರ ಸ್ಟ್ಯಾಂಡಪ್ ಮೀಟಿಂಗಿಗೆ ಕೂತೆ. ಆ ಐದು ಮನೆಯವರ ಒಂದು ಸೀಸನ್ ಹೋಯಿತು. ಆಯನಕ್ಕೆ, ಕೋಲಕ್ಕೆ, ಮದುವೆ ಸೀಸನ್ನಿಗೆ ಕೋಳಿ ಮಾರಿ ಮಕ್ಕಳ ಫೀಸು ಹೊಂದಿಸುವವರು ಅವರು. ಅದೇ ತಪ್ಪನ್ನು ಅವರೇ ಮಾಡಿದ್ದರೆ ಮುಂಗಡ ವಾಪಸ್ ಕೊಡಲು ದುಡ್ಡು ಎಲ್ಲಿಂದ? ಈಗ ನ್ಯಾಷನಲ್ ಲೈವ್‌ಸ್ಟಾಕ್ ಮಿಷನ್ ಅಡಿ ಗ್ರಾಮೀಣ ಕೋಳಿಗಳ ಪೇರೆಂಟ್ ಫಾರಂ, ಹ್ಯಾಚರಿ ಮಾಡುವವರಿಗೆ ಅರ್ಧ ಬಂಡವಾಳ, ಗರಿಷ್ಠ 25 ಲಕ್ಷ ರೂಪಾಯಿ ಸಬ್ಸಿಡಿ ಇದೆ. ಐಟಿ ಬಿಟ್ಟು ಊರಿಗೆ ಬರುವ ನಿಮ್ಮಲ್ಲೂ ಕೆಲವರು ಆ ಅರ್ಜಿ ತುಂಬುತ್ತಿದ್ದೀರಿ. ಸಬ್ಸಿಡಿ ಶೆಡ್ಡು ಕಟ್ಟುತ್ತದೆ, ಮರಿ ಮಾಡುವುದು ತಾಯಿಯ ಊಟ.

ನಾನು ಕೇಳುವುದು ದೊಡ್ಡದೇನಲ್ಲ. ಚೀಲದ ಮೇಲೆ ನಾಲ್ಕು ಸಾಲು, ಕನ್ನಡದಲ್ಲಿ. ಯಾವ ಕೋಳಿಗೆ, ಯಾವ ವಯಸ್ಸಿಗೆ. ಯಾವ ಔಷಧ ಬೆರೆಸಿದೆ, ಯಾರಿಗೆ ಕೊಡಬಾರದು. ಕ್ಯಾಲ್ಸಿಯಂ ಎಷ್ಟು. ಯಾವಾಗ ತಯಾರಾದದ್ದು, ಎಷ್ಟು ದಿನ ಇಡಬಹುದು. ಕೋಳಿ ಆಹಾರಕ್ಕೆ ಐಎಸ್ 1374 ಅಂತ ಭಾರತೀಯ ಮಾನಕ ಬ್ಯೂರೋದ ಮಾನದಂಡವೇ ಇದೆ, ಅಂದಮೇಲೆ ಅಳೆಯಲು ಬರುವುದಿಲ್ಲ ಅನ್ನುವ ಹಾಗಿಲ್ಲ. ಫಾರ್ಮುಲಾ ಗುಟ್ಟು ಅನ್ನುತ್ತೀರಾ? ಐದು ರೂಪಾಯಿಯ ಬಿಸ್ಕೆಟ್ ಪ್ಯಾಕೆಟಿನ ಹಿಂದೆ ಏನೇನು ಹಾಕಿದೆ ಅಂತ ಬರೆದಿರುತ್ತದೆ, ಅದರಿಂದ ಯಾವ ಬಿಸ್ಕೆಟ್ ಕಂಪನಿಯೂ ಮುಳುಗಿಲ್ಲ. ಶೇಕಡಾವಾರು ನಿಮ್ಮ ಹತ್ತಿರವೇ ಇರಲಿ, ಔಷಧದ ಹೆಸರು ಕೊಡಿ.

ಕುಲಶೇಖರದ ಹಾಲು ಒಕ್ಕೂಟದ ಮುಂದೆ ದಿನಾ ಹಾದುಹೋಗುತ್ತೇನೆ. ಹಸು ಸಾಕುವ ಮನೆಗೆ ನಂದಿನಿ ಪಶು ಆಹಾರ ಸಿಗುತ್ತದೆ, ಹಾಲಿನ ಡಿಪೋದಲ್ಲಿ ಕೇಳಲು ಜನ ಇರುತ್ತಾರೆ. ಹಿತ್ತಲಲ್ಲಿ ಕೋಳಿ ಸಾಕುವ ಹೆಂಗಸಿಗೆ ಅಂಥ ಒಂದು ಬಾಗಿಲೂ ಇಲ್ಲ. ಹತ್ತು ಸ್ವಸಹಾಯ ಸಂಘ ಸೇರಿ, ಪಶು ವೈದ್ಯರ ಸಲಹೆ ಪಡೆದು, ಬ್ರೀಡರ್ ಕೋಳಿಗೆ ಬೇಕಾದ ವಿಟಮಿನ್-ಖನಿಜದ ಮಿಶ್ರಣವನ್ನು ಸಗಟಾಗಿ ತರಿಸಿ ಹಂಚಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಚಿಪ್ಪು ನಮ್ಮ ಹೊಳೆಯಲ್ಲೇ ಇದೆ.

ಮತ್ತೆ ನಾವು, ತಿನ್ನುವವರು? ನೆದರ್‌ಲ್ಯಾಂಡ್ಸಿನಲ್ಲಿ ಜನ ಕೇಳಿದ್ದಕ್ಕೇ ಅಲ್ಲಿನ ಸೂಪರ್ ಮಾರ್ಕೆಟುಗಳು 2023ರ ಹೊತ್ತಿಗೆ ನಿಧಾನವಾಗಿ ಬೆಳೆಯುವ ತಳಿಯ ತಾಜಾ ಕೋಳಿಗೆ ಬದಲಾದವು. ಮಗಳು ನಿಧಾನ ಬೆಳೆದರೆ ತಾಯಿಯ ಊಟವನ್ನು ಅಷ್ಟು ಕಡಿತ ಮಾಡಬೇಕಾಗಿಲ್ಲ. ರೇಟು ಸ್ವಲ್ಪ ಜಾಸ್ತಿ. ಮಾಲಿನಲ್ಲಿ ಒಂದು ಕಾಫಿಗೆ 300 ರೂಪಾಯಿ ಕೊಡುವ ನಾವು ಅದನ್ನು ಕೇಳಿಯಾದರೂ ನೋಡಬಹುದಲ್ವಾ? ಸಿಗುವುದಿಲ್ಲ ಅನ್ನುವ ಉತ್ತರವೇ ಬಂದೀತು. ಕೇಳುವವರು ಹತ್ತು ಜನರಾದರೆ ಅಂಗಡಿಯವನು ಮೇಲಿನವನನ್ನು ಕೇಳುತ್ತಾನೆ.

ಆ ಖಾಲಿ ಚೀಲವನ್ನು ನಾನು ಬಿಸಾಡಿಲ್ಲ. ಕೋಳಿಗೂಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಹುಂಜದ ಚಿತ್ರದ ಕೆಳಗೆ ಖಾಲಿ ಜಾಗ ತುಂಬಾ ಇದೆ, ನಾಲ್ಕು ಸಾಲು ಆರಾಮವಾಗಿ ಹಿಡಿಯುತ್ತದೆ. ಮುಂದಿನ ಸಲ ಫ್ಯಾಮಿಲಿ ಗ್ರೂಪಿನಲ್ಲಿ ಹಾರ್ಮೋನ್ ಇಂಜೆಕ್ಷನ್ನಿನ ಮೆಸೇಜ್ ಬಂದರೆ ಜಗಳ ಮಾಡಬೇಡಿ. ಒಂದೇ ಪ್ರಶ್ನೆ ಹಾಕಿ: ಇದರ ತಾಯಿಗೆ ಎಂತ ತಿನ್ನಿಸಿದ್ದಾರೆ?

ನಾನು ಟೀಮ್ ಲೀಡಿಗೆ ಮೊನ್ನೆ ಹಾಕಿದೆ. ಎರಡು ನೀಲಿ ಟಿಕ್ ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.